ಪಾಸಾದೆ! ಮಾಟುಂಗದ ಮನೆಗೆ ಥ್ಯಾಂಕ್ಸ್

ಮೊನ್ನೆ ಶುಕ್ರವಾರ ಎನ್‌ಸಿಎಂಎಚ್‌ಸಿಇ ಪಾಸಾದೆ. ಕ್ಯಾಲಿಫೋರ್ನಿಯಾದಲ್ಲಿ ಮಾನಸಿಕ ಆರೋಗ್ಯ ಕೌನ್ಸೆಲರ್ ಲೈಸೆನ್ಸ್‌ಗೆ ನನಗೆ ಉಳಿದಿದ್ದ ಪರೀಕ್ಷೆ ಇದೊಂದೇ. ಮೇಲ್ವಿಚಾರಕರ ಕೈಕೆಳಗೆ 3,000 ಗಂಟೆ ಕೆಲಸ ಮುಗಿದಿತ್ತು. ಕಾನೂನಿನ ಪರೀಕ್ಷೆಯೂ ಆಗಿತ್ತು. ಅಕ್ಟೋಬರ್‌ನಲ್ಲಿ ಅಪ್ಪ ಹೋದರು. ಜನವರಿಯಲ್ಲಿ ಇದನ್ನು ಬರೆದು ಫೇಲಾದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಜೂನ್‌ನಲ್ಲಿ ರಜೆ ಹಾಕಿ ಮುಂಬೈಗೆ, ಮಾಟುಂಗದ ಮನೆಗೆ ಬಂದೆ. ಅಮ್ಮನ ಜೊತೆ ಇರಬೇಕಿತ್ತು, ಓದಲೂ ಬೇಕಿತ್ತು.

ಈ ಪರೀಕ್ಷೆಯಲ್ಲಿ 11 ಕೇಸ್, 225 ನಿಮಿಷ. ಒಂದು ಕೇಸ್‌ಗೆ ಸುಮಾರು 20 ನಿಮಿಷ. ಒಬ್ಬರ ಕಷ್ಟ ಓದಿ, ಕೌನ್ಸೆಲರ್ ಈಗ ಏನು ಮಾಡಬೇಕು ಅಂತ ಉತ್ತರಿಸಬೇಕು. ಲಕ್ಷಣಗಳು ಎರಡು ವಾರ ಇದ್ದರೆ ಖಿನ್ನತೆ ಇರಬಹುದಾ ನೋಡು, ಆಘಾತದ ನಂತರ ಒಂದು ತಿಂಗಳು ದಾಟಿದರೆ ಪಿಟಿಎಸ್‌ಡಿ (ಆಘಾತದಿಂದ ಬರುವ ಮಾನಸಿಕ ಕಾಯಿಲೆ) ಯೋಚಿಸು. ಈ ಲೆಕ್ಕವೆಲ್ಲ ನನಗೆ ಬಾಯಿಪಾಠವಾಗಿತ್ತು. ತಪ್ಪುತ್ತಿದ್ದದ್ದು ಬೇರೆ ಕಡೆ.

ಅದನ್ನು ಹಿಡಿದುಕೊಟ್ಟವರು ದೊಡ್ಡಮ್ಮ. ಬಿಎಂಸಿ (ಮುಂಬೈ ಪಾಲಿಕೆ) ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮಧ್ಯಾಹ್ನ ಊಟ ಆದ ಮೇಲೆ ಒಂದು ಕೇಸ್ ಓದಿಕೊಂಡು, ಕನ್ನಡಕ ತೆಗೆದಿಟ್ಟು, ಆ ವ್ಯಕ್ತಿಯೇ ಆಗಿ ನನ್ನೆದುರು ಕೂರುತ್ತಿದ್ದರು. ಒಂದು ದಿನ ಕೆಲಸ ಕಳೆದುಕೊಂಡ ಗಂಡಸಿನ ಕೇಸ್. "ರಾತ್ರಿ ನಿದ್ದೆ ಬರಲ್ಲ. ಬದುಕಿ ಏನು ಪ್ರಯೋಜನ ಅನ್ಸುತ್ತೆ" ಅಂದರು. ನಾನು ತಲೆ ಎತ್ತದೆ, "ನಿದ್ದೆ ಬರದೆ ಎಷ್ಟು ವಾರ ಆಯ್ತು?" ಅಂತ ಕೇಳಿದೆ.

ದೊಡ್ಡಮ್ಮ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಬದುಕಿ ಏನು ಪ್ರಯೋಜನ ಅಂದೆನಲ್ಲ ಮಗಳೇ, ಅದು ನಿನ್ನ ಕಿವಿಗೆ ಬೀಳಲಿಲ್ವಾ?" ಅಂದರು.

ಪೆನ್ನು ಕೆಳಗಿಟ್ಟೆ. ಆ ಮಾತು ಬಂದ ಕೂಡಲೇ ಬೇರೆಲ್ಲ ಬಿಟ್ಟು, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಬೇಕು. ನನಗೆ ಗೊತ್ತಿದ್ದ ಪಾಠವೇ. ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಅವತ್ತಿನಿಂದ ದಿನಕ್ಕೆ ಒಂದೇ ಕೇಸ್, ಆದರೆ ನಿಧಾನಕ್ಕೆ.

ಅಮ್ಮನ ವಿಷಯ ಬರೆಯುವುದು ಕಷ್ಟ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2022ರಲ್ಲಿ ಬಂದ ಡಿಎಸ್‌ಎಂ-5-ಟಿಆರ್‌ನಲ್ಲಿ ದೀರ್ಘ ಶೋಕದ ಕಾಯಿಲೆಯನ್ನು ಸೇರಿಸಿದ್ದಾರೆ. ದೊಡ್ಡವರಲ್ಲಿ ಅದನ್ನು ಗುರುತಿಸಲು ಸಾವಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು. ನಾನು ಆ ಪುಟ ಓದುವಾಗ ಅಪ್ಪ ಹೋಗಿ ಎಂಟು ತಿಂಗಳು. ಅಮ್ಮ ಬೆಳಗ್ಗೆ ಇನ್ನೂ ಎರಡು ಲೋಟ ಕಾಫಿ ಬೆರೆಸುತ್ತಿದ್ದಳು. ನಾನು ಮಗಳಾಗಿ ನೋಡದೆ, ತಿಂಗಳು ಎಣಿಸುತ್ತಿದ್ದೆ. ಒಂದು ಬೆಳಗ್ಗೆ ಪುಸ್ತಕ ಮುಚ್ಚಿ, ಅಪ್ಪನ ಲೋಟದ ಕಾಫಿ ನಾನೇ ಕುಡಿದೆ. ಅಮ್ಮ ಅತ್ತಳು. ನಾನೂ ಅತ್ತೆ. ಫೇಲಾಗಿದ್ದನ್ನು ಆಗಲೇ ಹೇಳಿದ್ದು. "ಅಪ್ಪನ ಡೈರಿ ಖಾಲಿ ಇದೆ, ಅದರಲ್ಲಿ ಬರ್ಕೊಂಡು ಓದು" ಅಂದಳು. ಅದರಲ್ಲೇ ಓದಿದೆ.

ದಿನಾ ಬೆಳಗ್ಗೆ 7ಕ್ಕೆ ಫೋನಿನಲ್ಲಿ ಪಾಠ ಒಪ್ಪಿಸಿಕೊಂಡ ಅಮೆರಿಕದ ಗೆಳತಿಗೆ ಥ್ಯಾಂಕ್ಸ್. ಅವಳಿಗೆ ಆಗ ಹಿಂದಿನ ದಿನದ ಸಂಜೆ ಆರೂವರೆ, ಕೆಲಸ ಮುಗಿಸಿ ಬಂದ ಸುಸ್ತು. ಒಂದು ದಿನವೂ ತಪ್ಪಿಸಲಿಲ್ಲ. ಫೇಲಾದಾಗ ಅಂಕ ಕೇಳದೆ "ಊಟ ಆಯ್ತಾ?" ಅಂತ ಮಾತ್ರ ಕೇಳಿದ ನನ್ನ ಮೇಲ್ವಿಚಾರಕಿಗೆ. ಭಾನುವಾರ ನಾನು ಗಡಿಯಾರ ಇಟ್ಟುಕೊಂಡು ಪೂರ್ತಿ ಪರೀಕ್ಷೆ ಬರೆಯುವಾಗ ಮೊಮ್ಮಕ್ಕಳನ್ನು ಫೈವ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದ ಎದುರುಮನೆ ಮಾಮಿಗೆ. ಮಳೆ ಇದ್ದರೂ ಹೋಗುತ್ತಿದ್ದರು ಪಾಪ, ಛತ್ರಿ ಹಿಡಿದುಕೊಂಡು.

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ಆದರೆ ದೊಡ್ಡಮ್ಮಾ, ಹನ್ನೊಂದು ಕೇಸ್‌ನಲ್ಲೂ ನಿಮ್ಮ ದನಿ ಕೇಳಿಸಿತು.

ಅಮ್ಮಾ, ಡಿಸೆಂಬರ್‌ನಲ್ಲಿ ಬರುತ್ತೇನೆ, ಈ ಸಲ ಓದುವುದಕ್ಕಲ್ಲ. ಡೈರಿಯಲ್ಲಿ ಇನ್ನೂ ಹದಿನಾಲ್ಕು ಹಾಳೆ ಖಾಲಿ ಇದೆ. ಅಪ್ಪನ ಬಗ್ಗೆ ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ.