ಕಪಾಟಿನ ಜೋಡಣೆ ಬದಲಾಗುತ್ತಿದೆ: ಚೀಟಿ ನೋಡಿ ಕೊಳ್ಳಿ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಅಂಗಡಿಯ ರೋಲ್‌ಪ್ಲೇಯಿಂಗ್ (ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟದ) ಪುಸ್ತಕಗಳನ್ನು ಪ್ರಕಾಶಕರ ಹೆಸರಿನ ಬದಲು ನಿಯಮ ಪದ್ಧತಿಯ ಪ್ರಕಾರ ಜೋಡಿಸುತ್ತೇವೆ. ಪ್ರತಿ ಪುಸ್ತಕದ ಹಿಂಬದಿಯಲ್ಲಿ ಒಂದು ಚೀಟಿ ಇರುತ್ತದೆ: ಯಾವ ಪದ್ಧತಿ, ಯಾವ ಆವೃತ್ತಿ, ಆಡಲು ಯಾವ ಮೂಲ ಪುಸ್ತಕ ಬೇಕು, ಯಾವ ದಾಳ ಬೇಕು.

ಮುಖಪುಟ ಮೆಚ್ಚಿ ಪೂರಕ ಪುಸ್ತಕ (ಮೂಲ ಪುಸ್ತಕದ ಜೊತೆ ಸೇರಿಸಿ ಆಡುವಂಥದ್ದು) ಒಯ್ದವರು ಮನೆಯಲ್ಲಿ ಬಿಚ್ಚಿ ನೋಡಿದರೆ ಪಾತ್ರ ಕಟ್ಟುವ ನಿಯಮವೇ ಇರುವುದಿಲ್ಲ. ಅದು ಅಚ್ಚಿನ ತಪ್ಪಲ್ಲ, ಈ ವ್ಯಾಪಾರ ನಿಂತಿರುವುದೇ ಹಾಗೆ. 2000ದಲ್ಲಿ ಅಮೆರಿಕದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ತನ್ನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರನೇ ಆವೃತ್ತಿಯ (3.0) ನಿಯಮಗಳನ್ನು ಓಪನ್ ಗೇಮ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಮೂಲಕ ಎಲ್ಲ ಪ್ರಕಾಶಕರಿಗೂ ಬಿಟ್ಟುಕೊಟ್ಟಿತು. ಆದರೆ ಆ ನಿಯಮಗಳಿಗೆ ಹೊಂದುತ್ತದೆಂದು ತೋರಿಸುವ ಡಿ20 ಲಾಂಛನ ಬೇಕಿದ್ದವರಿಗೆ ಬೇರೆ ಷರತ್ತು: ಪಾತ್ರ ಕಟ್ಟುವ ವಿಧಾನ ಅಚ್ಚು ಹಾಕುವಂತಿಲ್ಲ, ಆಡಲು ವಿಝರ್ಡ್ಸ್ ಸಂಸ್ಥೆಯದೇ ಮೂಲ ಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬೇಕೆಂದು ಪುಸ್ತಕದ ಮೇಲೆ ನಮೂದಿಸಬೇಕು. ಹೀಗಾಗಿ ಯಾರ ಪುಸ್ತಕ ಖರ್ಚಾದರೂ ಮೂಲ ಪುಸ್ತಕಕ್ಕೆ ಗಿರಾಕಿ ಸಿಗುತ್ತಿತ್ತು. ಸಣ್ಣ ಪ್ರಕಾಶಕರಿಗೂ ಅನುಕೂಲವಾಯಿತು. ನಿಯಮ ಕಲಿಸುವ ಗೋಜಿಲ್ಲದೆ ಬರೀ 32 ಪುಟದ ಒಂದು ಸಾಹಸ (ಆಡಲು ಸಿದ್ಧವಾದ ಕಥೆ) ಮಾರಬಹುದಿತ್ತು.

ಒಂದೇ ಹಗ್ಗಕ್ಕೆ ಕಟ್ಟಿದ ಕೊಡಗಳು ಒಟ್ಟಿಗೇ ಒಡೆಯುತ್ತವೆ. 2003ರಲ್ಲಿ ಮೂರನೆಯದನ್ನೇ ತಿದ್ದಿದ 3.5 ಆವೃತ್ತಿ ಬಂದಾಗ ಬದಲಾವಣೆಗಳು ಅಂಥ ದೊಡ್ಡವೇನಲ್ಲ. ‘+1 ಅಥವಾ ಹೆಚ್ಚಿನ’ ಮಂತ್ರಬಲದ ಆಯುಧಕ್ಕೆ ಮಾತ್ರ ಪೂರ್ತಿ ಪೆಟ್ಟಾಗುತ್ತಿದ್ದ ರಾಕ್ಷಸನಿಗೆ ಯಾವುದೇ ಮಾಂತ್ರಿಕ ಆಯುಧ ಸಾಕು ಎಂಬಂಥವು. ಆದರೂ ಆಟಗಾರರು ಹಳೆಯದನ್ನು ಮುಟ್ಟಲಿಲ್ಲ, ಅಲ್ಲಿನ ಅಂಗಡಿಗಳಲ್ಲಿ 3.0 ಪುಸ್ತಕಗಳು ರಾಶಿ ಬಿದ್ದವು.

ಈಗ ಅದೇ ಗೊಂದಲ ಐದನೇ ಆವೃತ್ತಿಯಲ್ಲಿದೆ. 2014ರ ಹ್ಯಾಂಡ್‌ಬುಕ್‌ನಲ್ಲಿ ಕ್ಲೆರಿಕ್ (ದೇವರ ಶಕ್ತಿ ಬಳಸುವ ಪಾತ್ರ) ತನ್ನ ಉಪವರ್ಗವಾದ ಡೊಮೇನನ್ನು 1ನೇ ಹಂತದಲ್ಲೇ ಆರಿಸಿಕೊಳ್ಳುತ್ತಾನೆ, ವಿಝರ್ಡ್ (ಮಾಂತ್ರಿಕ) ತನ್ನ ಉಪವರ್ಗವನ್ನು 2ರಲ್ಲಿ. 2024ರ ಹ್ಯಾಂಡ್‌ಬುಕ್‌ನಲ್ಲಿ ಎಲ್ಲರಿಗೂ 3ನೇ ಹಂತದಲ್ಲಿ. ಹಳೆಯ ಪೂರಕ ಪುಸ್ತಕವನ್ನು ಹೊಸದರ ಜೊತೆ ಬಳಸುವವರು ಆ ಮೊದಲ ಹಂತಗಳ ಶಕ್ತಿಗಳನ್ನು 3ನೇ ಹಂತದವರೆಗೆ ತಡೆಹಿಡಿದರೆ ಸಾಕು. ಆದ್ದರಿಂದ ಚೀಟಿಯಲ್ಲಿ ‘5ನೇ ಆವೃತ್ತಿ’ ಎಂದಷ್ಟೇ ಬರೆಯದೆ 2014 ಅಥವಾ 2024 ಎಂದೂ ಬರೆಯುತ್ತೇವೆ. ಪಾತ್‌ಫೈಂಡರ್ (3.5ರ ನಿಯಮಗಳಿಂದ ಬೆಳೆದ ಆಟ) ಕೊಳ್ಳುವವರು ಇನ್ನೂ ಎಚ್ಚರವಾಗಿರಿ. 2009ರ ಮೊದಲ ಆವೃತ್ತಿಯಲ್ಲಿ 3.5ರ ಸಾಹಸಗಳನ್ನು ಸ್ವಲ್ಪ ಲೆಕ್ಕ ತಿದ್ದಿ ಆಡಬಹುದು. 2019ರ ಎರಡನೆಯದರಲ್ಲಿ ಸರದಿಗೆ ಮೂರು ಕ್ರಿಯೆಗಳ ಹೊಸ ಲೆಕ್ಕ, ಅಲ್ಲಿ ಹಳೆಯದು ನೇರವಾಗಿ ಹೊಂದುವುದಿಲ್ಲ.

‘ಪವರ್ಡ್ ಬೈ ದ ಅಪಾಕಲಿಪ್ಸ್’ ಗುರುತಿನ ಆಟಗಳದು ಬೇರೆ ದಾರಿ. ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿ ಪುಸ್ತಕವೂ ಸ್ವತಂತ್ರ. ಎರಡು ದಾಳದ ಮೊತ್ತಕ್ಕೆ ಪಾತ್ರದ ಅಂಕ ಸೇರಿಸಿ 10 ಅಥವಾ ಹೆಚ್ಚಾದರೆ ಗೆಲುವು, 7ರಿಂದ 9 ಆದರೆ ಬೆಲೆ ತೆತ್ತು ಗೆಲುವು. ಒಂದನ್ನು ಆಡಿದವರಿಗೆ ಮುಂದಿನದು ಬೇಗ ಕೈಗೆ ಹತ್ತುತ್ತದೆ. ಮನೆಯ ಲೂಡೋ ದಾಳಗಳೇ ಸಾಕು.

ಮೂಲ ಪುಸ್ತಕ ದಾಸ್ತಾನಿನಲ್ಲಿ ಇಲ್ಲದ ಪದ್ಧತಿಯ ಪೂರಕ ಪುಸ್ತಕಗಳನ್ನು ಇನ್ನು ತರಿಸುವುದಿಲ್ಲ. ಚೀಟಿಯಲ್ಲಿ ತಪ್ಪಿದ್ದರೆ 15 ದಿನದೊಳಗೆ ಪುಸ್ತಕ ಬದಲಿಸಿಕೊಡುತ್ತೇವೆ. ಕೊಳ್ಳಲು ಬರುವಾಗ ನಿಮ್ಮಲ್ಲಿರುವ ಮೂಲ ಪುಸ್ತಕದ ಹಕ್ಕುಸ್ವಾಮ್ಯದ ಪುಟದ ಫೋಟೋ ತನ್ನಿ. ಆವೃತ್ತಿ ಗುರುತಿಸಲು ಮುಖಪುಟಕ್ಕಿಂತ ಅದೇ ನಂಬಿಕಸ್ಥ.