ದೂರು: ಹೊರಗಿನ ಬಾಕ್ಸ್ ಚೆನ್ನಾಗಿತ್ತು, ಒಳಗಿನ ಚಿನ್ನದ ರೇಕು ಪೂರ್ತಿ ಹಾಳಾಗಿತ್ತು

ಕಸ್ಟಮರ್ ಕೇರ್ ಮತ್ತು ಡಿಸ್ಪ್ಯಾಚ್ ನೋಡ್ಕೊಳ್ಳೋರಿಗೆ,

ನಮಸ್ಕಾರ. ನಾನು ಬೆಂಗಳೂರು ತ್ಯಾಗರಾಜನಗರದಿಂದ ಬರೀತಾ ಇದೀನಿ. ಮೈಸೂರು ಶೈಲಿ ಚಿತ್ರ ಬರೆಯೋದು, ದೇವಸ್ಥಾನದ ಮರದ ಕೆತ್ತನೆಗೆ ಚಿನ್ನದ ರೇಕು ಕೂರಿಸೋದು ನಮ್ಮ ಕೆಲಸ. ಕಳೆದ ತಿಂಗಳು ನಿಮ್ಮ ವೆಬ್‌ಸೈಟ್‌ನಲ್ಲಿ 23 ಕ್ಯಾರೆಟ್ ಲೂಸ್ ಲೀಫ್ (ಕಾಗದಕ್ಕೆ ಅಂಟಿಸದ ಬಿಡಿ ಚಿನ್ನದ ರೇಕು) 4 ಬುಕ್, ಅಂದ್ರೆ ಹಾಳೆಗಳ ಮಧ್ಯೆ ರೇಕು ಇಟ್ಟಿರೋ ಪುಟ್ಟ ಪುಸ್ತಕ, ಬೆಳ್ಳಿ ಲೀಫ್ 1 ಬುಕ್, ಜೊತೆಗೆ ಸೈಜ್ (ರೇಕು ಕೂರಿಸೋ ಅಂಟು) ಬಾಟ್ಲಿ ಒಂದು ಆರ್ಡರ್ ಮಾಡಿದ್ದೆ, ದುಡ್ಡೂ ಪೂರ್ತಿ ಮುಂಚೇನೇ ಕಟ್ಟಿದೀನಿ. ಬಂದಿರೋ ಮಾಲಲ್ಲಿ ಆ ಬಾಟ್ಲಿ ಒಂದು ಬಿಟ್ರೆ ಬೇರೆ ಯಾವುದೂ ಕೆಲಸಕ್ಕೆ ಬರೋ ಹಾಗಿಲ್ಲ. ಚಾಟ್‌ನಲ್ಲಿ ಹೇಳಿದ್ದಕ್ಕೆ ನಿಮ್ಮವರು ‘ಹೊರಗಿನ ಬಾಕ್ಸ್ ಡ್ಯಾಮೇಜ್ ಆಗಿಲ್ಲ, ಕ್ಲೇಮ್ ಆಗಲ್ಲ’ ಅಂತ ಟಿಕೆಟ್ ಕ್ಲೋಸ್ ಮಾಡಿದಾರೆ. ನಾನು ಇದನ್ನ ಒಪ್ಪಲ್ಲ, ಯಾಕೆ ಒಪ್ಪಲ್ಲ ಅಂತ ವಿವರವಾಗಿ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ಹೊರಗಿನ ಬಾಕ್ಸ್ ಚೆನ್ನಾಗೇ ಇತ್ತು, ಅದನ್ನ ನಾನೂ ಹೇಳ್ತೀನಿ. ಡೆಲಿವರಿ ಹುಡುಗ ಪಾಪ ಎರಡೂ ಕೈಲಿ ಹಿಡ್ಕೊಂಡು ಬಂದು ಕೊಟ್ಟ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ತಪ್ಪು ಇರೋದು ಬಾಕ್ಸ್ ಒಳಗೆ. ಒಂದು ಮಿಕ್ಸಿ ಹಿಡಿಸೋವಷ್ಟು ದೊಡ್ಡ ಬಾಕ್ಸು, ಅದರ ತಳದಲ್ಲಿ ಐದು ಬುಕ್ಕನ್ನೂ ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಪಾಲಿಥಿನ್ ಕವರ್‌ಗೆ ತುರುಕಿ, ಮೇಲೆ ಒಂದೇ ಒಂದು ಸುತ್ತು ಬಬಲ್ ರ್‍ಯಾಪ್, ಅಷ್ಟೇ. ಕೆಳಗೆ ರಟ್ಟಿಲ್ಲ ಮೇಲೆ ರಟ್ಟಿಲ್ಲ. ಪಕ್ಕದಲ್ಲಿ ತುಂಬಿದ ಗಾಜಿನ ಬಾಟ್ಲಿ ಯಾವ ಅಡ್ಡಿಯೂ ಇಲ್ಲದೆ ಉರುಳಾಡ್ಕೊಂಡು ಬಂದಿದೆ, ದಾರಿ ಉದ್ದಕ್ಕೂ ಅದು ಬುಕ್‌ಗಳಿಗೆ ಗುದ್ದಿರೋ ಗುರುತು ಬುಕ್ಕಿನ ಅಂಚಲ್ಲಿ ಇವತ್ತಿಗೂ ಕಾಣುತ್ತೆ. ಬಾಕ್ಸ್ ಮೇಲೆ ಕೆಂಪು ‘ಫ್ರಾಜೈಲ್’ ಸ್ಟಿಕ್ಕರ್ ಅಂಟಿಸಿದೀರ, ಸರಿ, ಆದ್ರೆ ಕೊರಿಯರ್ ಹಬ್‌ನಲ್ಲಿ ಬೆಲ್ಟ್ ಮೇಲೆ ಓಡೋ ಸಾವಿರಾರು ಪಾರ್ಸೆಲ್‌ಗಳಲ್ಲಿ ಆ ಸ್ಟಿಕ್ಕರ್‌ನ ಓದೋರು ಯಾರು. ಬಾಕ್ಸ್ ತಲೆಕೆಳಗಾಗುತ್ತೆ, ನೆಟ್ಟಗೆ ನಿಲ್ಲುತ್ತೆ, ಮೇಲಿಂದ ಬೀಳುತ್ತೆ ಅಂತ ಅಂದ್ಕೊಂಡೇ ಒಳಗಿನ ಪ್ಯಾಕಿಂಗ್ ಮಾಡ್ಬೇಕು.

ಈಗ ಬುಕ್ ಒಳಗೆ ಏನಾಗಿದೆ ಹೇಳ್ತೀನಿ. ಒಂದು ಬುಕ್ಕಲ್ಲಿ 25 ರೇಕು, ಒಂದೊಂದೂ 80 ಮಿಲಿಮೀಟರ್ ಚೌಕ, ದಪ್ಪ ಹೆಚ್ಚುಕಮ್ಮಿ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗ, ಅಂದ್ರೆ ನಮ್ಮ ತಲೆಕೂದಲಿಗಿಂತ ಐನೂರು ಪಟ್ಟಿಗೂ ಜಾಸ್ತಿ ತೆಳು. ಇಡೀ ಬುಕ್ಕಲ್ಲಿರೋ ಚಿನ್ನ ತೂಕ ಹಾಕಿದ್ರೆ ಗ್ರಾಮಿನ ಮೂರನೇ ಒಂದು ಭಾಗ ಆಗ್ಬಹುದು ಅಷ್ಟೆ. ಲೂಸ್ ಲೀಫ್ ಅಂದ್ಮೇಲೆ ಅದು ಕಾಗದಕ್ಕೆ ಅಂಟಿರಲ್ಲ, ಎರಡು ಟಿಶ್ಯೂ ಹಾಳೆ ಮಧ್ಯೆ ಸುಮ್ನೆ ಮಲಗಿರುತ್ತೆ, ಅಂಟದೇ ಇರ್ಲಿ ಅಂತ ಆ ಹಾಳೆಗೆ ಕೆಂಪು ಪುಡಿ ಕೂಡ ಸವರಿರ್ತಾರೆ. ಹಾಗಾಗಿ ಬುಕ್ಕನ್ನ ನೆಟ್ಟಗೆ ನಿಲ್ಲಿಸಿ ಅಲ್ಲಾಡಿಸಿದ್ರೆ ರೇಕು ಜಾರಲೇಬೇಕು. ನನಗೆ ಬಂದ ಮೊದಲನೇ ಬುಕ್ ತೆಗೆದಾಗ ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಉಸಿರು ಬಿಗಿಹಿಡಿದು ಒಂದೊಂದೇ ಹಾಳೆ ಮಗುಚಿದೆ. ಕಾದ ಹಾಲಿನ ಕೆನೆನ ಚಮಚದಲ್ಲಿ ಒಂದು ಕಡೆಗೆ ಒತ್ತಿದ ಹಾಗೆ ಚಿನ್ನ ಎಲ್ಲಾ ಸುಕ್ಕುಸುಕ್ಕಾಗಿ ಬುಕ್ಕಿನ ಬೆನ್ನಿನ ಮೂಲೆಗೆ ಬಂದು ಕೂತಿತ್ತು. ಚಿನ್ನದ ರೇಕು ಒಂದ್ಸಲ ತನ್ನ ಮೇಲೇ ಮಡಚ್ಕೊಂಡ್ರೆ ಮುಗೀತು, ಚಿನ್ನಕ್ಕೆ ಚಿನ್ನ ಹಿಡ್ಕೊಂಡ್ಬಿಡುತ್ತೆ, ಬಿಡಿಸೋಕೆ ಹೋದ್ರೆ ಹರಿಯುತ್ತೆ, ಇದು ಈ ಕೆಲಸ ಮಾಡೋ ಯಾರನ್ನ ಕೇಳಿದ್ರೂ ಹೇಳ್ತಾರೆ.

ಜಾರದೇ ಉಳಿದ ರೇಕುಗಳ ಕಥೆ ಬೇರೆ. ಬಬಲ್ ರ್‍ಯಾಪ್‌ನ ಗುಳ್ಳೆಗಳನ್ನ ನೇರವಾಗಿ ಬುಕ್ಕಿನ ತೆಳು ಕವರ್ ಮೇಲೆ ಒತ್ತಿ ಕಟ್ಟಿದೀರ, ಮೇಲಿನ ಹಾಳೆಗಳ ಮೇಲೆ ಸಾಲಾಗಿ ರೌಂಡ್ ರೌಂಡ್ ಅಚ್ಚು ಬಿದ್ದಿದೆ. ಅಚ್ಚು ಬಿದ್ದ ಜಾಗದಲ್ಲೆಲ್ಲ ಚಿನ್ನ ಟಿಶ್ಯೂಗೆ ಹತ್ಕೊಂಡಿದೆ, ಹಾಳೆ ಎತ್ತಿದ್ರೆ ಆ ಭಾಗ ಹಾಳೆ ಜೊತೆ ಹೋಗಿ ಮಿಕ್ಕಿದ್ದು ಮಾತ್ರ ಕೈಗೆ ಬರುತ್ತೆ. ಒಂದು ರೇಕನ್ನ ಹೇಗೋ ಎತ್ತಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದೆ. ಒಳ್ಳೆ ರೇಕಾದ್ರೆ ಬೆಳಕು ತೆಳು ಹಸಿರಾಗಿ ಹಾದು ಬರುತ್ತೆ, ನೋಡೋಕೇ ಚೆಂದ. ಇದರಲ್ಲಿ ಆ ಹಸಿರಿನ ಮಧ್ಯೆ ಬಿಳೀ ಚುಕ್ಕಿಗಳು, ಒಂದೊಂದೂ ತೂತು. ಅಂಚಲ್ಲಿ ಹೊರಗೆ ಇಣುಕಿದ್ದ ಚಿನ್ನ ಪಾಲಿಥಿನ್‌ನ ಸ್ಟ್ಯಾಟಿಕ್‌ಗೆ ಹೋಗಿ ಕವರ್ ಒಳಗೋಡೆಗೆ ಅಂಟ್ಕೊಂಡಿತ್ತು.

ಬೆಳ್ಳಿ ಬುಕ್ ಬಗ್ಗೆ ಬೇರೇನೇ ಹೇಳ್ಬೇಕು, ಯಾಕಂದ್ರೆ ‘ಕೊರಿಯರ್‌ನವರು ಮಾಡಿರ್ಬೇಕು ಮೇಡಂ’ ಅನ್ನೋ ನಿಮ್ಮ ಮಾತಿಗೆ ಉತ್ತರ ಅದರಲ್ಲೇ ಇದೆ. ರಬ್ಬರ್ ಬ್ಯಾಂಡ್ ಕೂತಿದ್ದ ಗೆರೆ ಉದ್ದಕ್ಕೂ ಬೆಳ್ಳಿ ರೇಕಿನ ಅಂಚು ಹಳದಿಗೆ ತಿರುಗಿ ಆಮೇಲೆ ಕಂದಾಗಿದೆ. ರಬ್ಬರಲ್ಲಿ ಗಂಧಕ ಇರುತ್ತೆ, ಬೆಳ್ಳಿಗೆ ಗಂಧಕ ಆಗಲ್ಲ, ಬೆಳ್ಳಿ ದೀಪ ಕಪ್ಪಾಗೋದೂ ಇದೇ ಗಂಧಕದಿಂದಾನೇ. ಇದು ಎರಡು ಮೂರು ದಿನದ ಕೊರಿಯರ್ ಪ್ರಯಾಣದಲ್ಲಿ ಸುಲಭವಾಗಿ ಆಗೋ ಮಾತಲ್ಲ. ಆ ಬ್ಯಾಂಡ್ ನಿಮ್ಮ ಗೋಡೌನ್‌ನಲ್ಲೇ ಬಹಳ ದಿನದಿಂದ ಆ ಬುಕ್ಕಿನ ಮೇಲೆ ಕೂತಿರ್ಬೇಕು, ಬಣ್ಣ ಕೆಟ್ಟಿರೋ ಮಾಲನ್ನೇ ನೀವು ಬಬಲ್ ಸುತ್ತಿ ಕಳಿಸಿರ್ಬೇಕು. ಕ್ಲೋಸಪ್ ಫೋಟೋ ಹಾಕಿದೀನಿ, ಬ್ಯಾಂಡ್ ಎಷ್ಟಗಲ ಇತ್ತೋ ಕಲೆ ಅಷ್ಟೇ ಅಗಲ ಇದೆ, ನೀವೇ ನೋಡಿ.

ನಿಮ್ಮ ರಿಟರ್ನ್ ರೂಲ್ ಬಗ್ಗೆ ನನ್ನ ಮುಖ್ಯ ತಕರಾರು ಇರೋದು. ‘ಬುಕ್ ಓಪನ್ ಮಾಡಿದ್ರೆ ರಿಟರ್ನ್ ಇಲ್ಲ’ ಅಂತೀರ, ಅದರ ಜೊತೆಗೇ ‘ಡ್ಯಾಮೇಜ್ ಆಗಿದ್ರೆ ಪ್ರತಿ ಲೀಫ್ ಕಾಣೋ ಹಾಗೆ ಅನ್‌ಬಾಕ್ಸಿಂಗ್ ವಿಡಿಯೋ ಕಳಿಸಿ’ ಅಂತೀರ. ಬುಕ್ ತೆಗೀದೆ ಒಳಗಿನ ರೇಕು ಹಾಳಾಗಿದ್ಯೋ ಇಲ್ವೋ ದೇವರಿಗೂ ಗೊತ್ತಾಗಲ್ಲ, ತೆಗೆದ್ರೆ ರಿಟರ್ನ್ ಇಲ್ಲ, ಹಾಗಾದ್ರೆ ಗ್ರಾಹಕರು ಯಾವ ದಾರೀಲಿ ಬರ್ಬೇಕು ಹೇಳಿ. ಶರ್ಟು, ಚಪ್ಪಲಿ, ಮೊಬೈಲ್‌ಗೆ ಮಾಡಿದ ರೂಲನ್ನ ತಂದು ಚಿನ್ನದ ರೇಕಿಗೆ ಹಾಕಿದೀರ. ಹೊರಗಿನ ಬಾಕ್ಸ್‌ಗೆ ಒಂದು ಗೀರೂ ಬೀಳದೆ ಒಳಗಿನ ರೇಕು ಪೂರ್ತಿ ಹಾಳಾಗಬಹುದು, ಈ ವಸ್ತುವಿನ ಸ್ವಭಾವಾನೇ ಹಾಗೆ, ಅದನ್ನ ಮಾರೋರಿಗೆ ಇದು ಗೊತ್ತಿರ್ಬೇಕು.

ಇನ್ನೊಂದು ಮಾತು ನನಗೆ ನಿಜವಾಗ್ಲೂ ಬೇಜಾರು ತಂತು. ನಿಮ್ಮ ಎಕ್ಸಿಕ್ಯುಟಿವ್ ಫೋನಲ್ಲಿ ‘ಗೋಲ್ಡ್ ಎಲ್ಲೂ ಹೋಗಿಲ್ವಲ್ಲ ಮೇಡಂ, ಪುಡಿ ಮಾಡಿ ಯೂಸ್ ಮಾಡ್ಕೊಳ್ಳಿ’ ಅಂದ್ರು. ಚಿನ್ನದ ಚೂರನ್ನ ಫ್ಲೇಕ್ಸ್ ಅಂತ ನೀವೇ ಬೇರೆ ಐಟಂ ಮಾರ್ತೀರ, ಬೇಕಿದ್ರೆ ಅದನ್ನೇ ತಗೋತಿದ್ದೆ. ನಾನು ಕೊಟ್ಟಿರೋ ದುಡ್ಡು ಬರೀ ಚಿನ್ನದ ತೂಕಕ್ಕಲ್ಲ, ಅದನ್ನ ಬಡಿದು ಬಡಿದು ಇಷ್ಟು ತೆಳು ಮಾಡಿ, ಚೌಕ ಕತ್ತರಿಸಿ, ಒಂದೊಂದಾಗಿ ಹಾಳೆ ಮಧ್ಯೆ ಮಲಗಿಸಿದ ಕೈಕೆಲಸಕ್ಕೆ. ಯಾರೋ ಕಸುಬುದಾರರು ಅಷ್ಟು ಜೋಪಾನವಾಗಿ ಮಾಡಿದ್ದನ್ನ ಕೊನೇಲಿ ಒಂದು ರಬ್ಬರ್ ಬ್ಯಾಂಡ್ ಹಾಕಿ ಹಾಳು ಮಾಡ್ಬಿಟ್ರೆ ಹೊಟ್ಟೆ ಉರಿಯಲ್ವಾ.

ಪ್ಯಾಕಿಂಗ್ ಹೇಗೆ ಮಾಡ್ಬೇಕು ಅನ್ನೋದೂ ದೊಡ್ಡ ವಿದ್ಯೆ ಏನಲ್ಲ. ಮೊದಲೆಲ್ಲ ನಾನು ಪೇಟೆ ಕಡೆ ಒಬ್ಬ ಹಿರಿಯರ ಹತ್ತಿರ ತಗೋತಿದ್ದೆ, ಅವರು ಪ್ರತಿ ಬುಕ್ಕಿಗೂ ಕೆಳಗೊಂದು ಮೇಲೊಂದು ಅದೇ ಅಳತೆಗಿಂತ ಒಂಚೂರು ದೊಡ್ಡ ಗಟ್ಟಿ ರಟ್ಟು ಇಟ್ಟು, ಅಗಲವಾದ ಪೇಪರ್ ಪಟ್ಟಿ ಸುತ್ತಿ ಅಂಟಿಸೋರು, ‘ಚಪ್ಪಟೆಯಾಗೇ ಹಿಡ್ಕೊಂಡು ಹೋಗಮ್ಮಾ, ಬ್ಯಾಗಲ್ಲಿ ನಿಲ್ಲಿಸ್ಬೇಡ’ ಅಂತ ಪ್ರತಿಸಲ ಹೇಳೋರು. ಬಿಗಿ ಎಷ್ಟಿರ್ಬೇಕು ಅಂದ್ರೆ ಹಾಳೆ ಜಾರಬಾರದು, ಹಾಗಂತ ಮಧ್ಯದಲ್ಲಿ ಒತ್ತಡಾನೂ ಬೀಳಬಾರದು, ರಬ್ಬರ್ ಬ್ಯಾಂಡ್ ಒಂದೇ ಗೆರೇಲಿ ಹಿಸುಕುತ್ತೆ, ಅಗಲ ಪಟ್ಟಿ ಹಾಗೆ ಮಾಡಲ್ಲ. ಕೊರಿಯರ್‌ಗೆ ಹಾಕೋದಾದ್ರೆ ರಟ್ಟು ಕಟ್ಟಿದ ಬುಕ್ಕನ್ನ ಜಿಪ್ ಕವರ್‌ಗೆ ಹಾಕಿ, ಮಳೆಗಾಲದ ತೇವಕ್ಕೆ ಒಂದು ಸಿಲಿಕಾ ಜೆಲ್ ಪೊಟ್ಣ ಇಟ್ಟು, ಅಳತೆಗೆ ಸರಿಯಾದ ಚಿಕ್ಕ ಗಟ್ಟಿ ಡಬ್ಬೀಲಿ ಅಲ್ಲಾಡದ ಹಾಗೆ ಕೂರಿಸಿ, ಆ ಡಬ್ಬೀನ ಇನ್ನೊಂದು ಬಾಕ್ಸಲ್ಲಿ ಸುತ್ತ ಪೇಪರ್ ಉಂಡೆ ತುಂಬಿ ಇಟ್ರೆ ಆಯ್ತು. ಬಬಲ್ ಬೇಕಿದ್ರೆ ಡಬ್ಬಿ ಹೊರಗೆ ಸುತ್ತಿ, ಬುಕ್ಕಿಗೆ ತಾಗ್ಸಬೇಡಿ. ಬಾಟ್ಲಿ ಬೇರೆ ಬಾಕ್ಸಲ್ಲಿ ಕಳಿಸಿ. ಬೆಳ್ಳಿ ಹತ್ತಿರ ರಬ್ಬರ್ ಯಾವತ್ತೂ ಸುಳಿಯೋದು ಬೇಡ. ಇದಕ್ಕೆ ಎಕ್ಸ್‌ಟ್ರಾ ದುಡ್ಡು ಕೇಳಿದ್ರೂ ನಮ್ಮಂಥೋರು ಕೊಡ್ತೀವಿ.

ಟ್ರಾನ್ಸ್‌ಫರ್ ಲೀಫ್ ತಗೊಂಡಿದ್ರೆ ಈ ತೊಂದ್ರೆ ಇರ್ತಿರ್ಲಿಲ್ಲ ಅಂತ ನಿಮ್ಮವರು ಹೇಳಿದ್ರು. ಅದು ಕಾಗದಕ್ಕೆ ಒತ್ತಿ ಅಂಟಿಸಿರೋದ್ರಿಂದ ಪ್ರಯಾಣ ತಡ್ಕೊಳ್ಳುತ್ತೆ, ನಿಜ, ಚಪ್ಪಟೆ ಜಾಗಕ್ಕೆ ನಾನೂ ಬಳಸ್ತೀನಿ. ಆದ್ರೆ ಈಗ ಕೈಲಿರೋದು ಒಂದು ದೇವಸ್ಥಾನದ ಮರದ ಪ್ರಭಾವಳಿ, ನಮ್ಮ ಆಚಾರ್ರು ಆಳವಾಗಿ ಬಳ್ಳಿ ಕೆತ್ತಿದಾರೆ, ಆ ಸಂದಿಗೆ ಕಾಗದ ಬಗ್ಗಿ ಇಳಿಯಲ್ಲ, ಲೂಸ್ ರೇಕೇ ಬೇಕು. ಮರ ಉಜ್ಜಿ, ಬೇಸ್ ಹಚ್ಚಿ, ಅರಗಿನ ಕೋಟ್ ಒಣಗಿ, ಸೈಜ್ ಹಚ್ಚೋದೊಂದೇ ಬಾಕಿ ಇರೋವಾಗ ಕೆಲಸ ನಿಂತಿದೆ. ಕಾರ್ತಿಕ ದೀಪೋತ್ಸವಕ್ಕೆ ಕೊಡ್ತೀನಿ ಅಂತ ಒಪ್ಕೊಂಡಿದೀನಿ, ಆ ಟ್ರಸ್ಟಿನವರಿಗೆ ಈಗ ನಾನು ಉತ್ತರ ಹೇಳ್ಬೇಕು.

ನನಗೆ ಬೇಕಿರೋದು ಇಷ್ಟು. ನಾಲ್ಕೂ ಚಿನ್ನದ ಬುಕ್ ಬದಲಾಯಿಸಿ ಕೊಡಿ, ನಾಲ್ಕೂ ಒಂದೇ ಬ್ಯಾಚ್‌ದಾಗಿರ್ಬೇಕು, ಯಾಕಂದ್ರೆ ಬ್ಯಾಚ್ ಬದಲಾದ್ರೆ ಬಣ್ಣದಲ್ಲಿ ಒಂದೆಳೆ ವ್ಯತ್ಯಾಸ ಬರಬಹುದು, ಪ್ರಭಾವಳಿಯ ಎಡಗಡೆ ಒಂದು ಕಳೆ ಬಲಗಡೆ ಇನ್ನೊಂದು ಕಳೆ ಆದ್ರೆ ದೀಪದ ಬೆಳಕಲ್ಲಿ ಎದ್ದು ಕಾಣುತ್ತೆ. ಒಂದೇ ಬ್ಯಾಚ್ ಕೊಡೋಕಾಗಲ್ಲ ಅಂದ್ರೆ ದುಡ್ಡು ಪೂರ್ತಿ ವಾಪಸ್ ಕೊಡಿ. ಬೆಳ್ಳಿ ಬುಕ್ಕಿಗೆ ಹೇಗಿದ್ರೂ ರೀಫಂಡೇ ಆಗ್ಬೇಕು, ಆ ಸ್ಟಾಕ್ ಮೇಲೆ ನನಗೆ ನಂಬಿಕೆ ಹೋಗಿದೆ. ಬದಲಿ ಮಾಲು ಕಳಿಸೋದಾದ್ರೆ ಮೇಲೆ ಹೇಳಿದ ಹಾಗೆ ಪ್ಯಾಕ್ ಮಾಡಿ, ಬಾಕ್ಸ್ ಮುಚ್ಚೋ ಮುಂಚೆ ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ.

ನಿಮ್ಮ ಗ್ರೀವೆನ್ಸ್ ಆಫೀಸರ್‌ಗೂ ಇದರ ಕಾಪಿ ಹಾಕಿದೀನಿ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯಲ್ಲಿ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು, ದೋಷ ಇರೋ ಮಾಲನ್ನ ವಾಪಸ್ ತಗೊಳ್ಳಲ್ಲ ಅನ್ನೋ ಹಾಗೂ ಇಲ್ಲ. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಅಲ್ಲೂ ಆಗ್ದಿದ್ರೆ ಇಲ್ಲಿ ಬೆಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವಿರೋ ಊರಲ್ಲೇ ಕೇಸ್ ಹಾಕ್ಬಹುದು. ಅಲ್ಲಿವರೆಗೂ ಹೋಗೋ ಆಸೆ ನನಗಿಲ್ಲ, ನಿಮ್ಮ ಚಿನ್ನದ ಗುಣಮಟ್ಟ ಒಳ್ಳೇದಿದೆ, ಉಳಿದಿರೋ ಚೂರುಗಳ ಹೊಳಪು ನೋಡಿದ್ರೇನೇ ಗೊತ್ತಾಗುತ್ತೆ, ಅದಕ್ಕೇ ಇಷ್ಟು ಉದ್ದ ಬರೆದಿದೀನಿ.

ಹಾಳಾದ ಬುಕ್‌ಗಳು, ಪಾಲಿಥಿನ್ ಕವರ್, ಆ ರಬ್ಬರ್ ಬ್ಯಾಂಡ್ ಎಲ್ಲಾ ಹಾಗೇ ಎತ್ತಿಟ್ಟಿದೀನಿ. ವಿಷಯ ಗೊತ್ತಿರೋ ಒಬ್ಬರನ್ನ ಕಳಿಸಿದ್ರೆ ತೋರಿಸ್ತೀನಿ, ಇಲ್ಲಾಂದ್ರೆ ಪಿಕಪ್ ಬುಕ್ ಮಾಡಿ. ಬೆಳಿಗ್ಗೆ 11ರ ಮೇಲೆ ಯಾವಾಗ ಬೇಕಾದ್ರೂ ಫೋನ್ ಮಾಡ್ಬಹುದು, ಕನ್ನಡ ಬರೋರು ಮಾಡಿದ್ರೆ ಒಳ್ಳೇದು.

ಇಂತಿ,
ನಿಮ್ಮ ಗ್ರಾಹಕಿ,
ತ್ಯಾಗರಾಜನಗರ, ಬೆಂಗಳೂರು