ಜಿನೀವಾದಲ್ಲಿ ನಮ್ಮ ಹೊಲದ ಮಾತು ಆಡುವವರು ಯಾರು?

ಹಾವೇರಿ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ನಮಸ್ಕಾರ.

ನಾನು ಹಾವೇರಿ ತಾಲ್ಲೂಕಿನ ಹತ್ತಿ ಬೆಳೆಯುವ ಮನೆಯವನು. ಚಿಕ್ಕವನಿದ್ದಾಗ ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯಲು ಹೋಗುತ್ತಿದ್ದರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು. ಆ ರಾತ್ರಿ ಅವರಿಗೆ ತಲೆನೋವು, ಊಟ ಸೇರುತ್ತಿರಲಿಲ್ಲ. ಅವ್ವ ಆ ಅಂಗಿಯನ್ನು ಬೇರೆಯೇ ಒಗೆಯುತ್ತಿದ್ದಳು. ಡಬ್ಬಿಯ ಮೇಲೆ ಎಂಡೋಸಲ್ಫಾನ್ ಅಂತ ಇರುತ್ತಿತ್ತು.

ಆ ಡಬ್ಬಿಯ ಹಣೆಬರಹ ಬರೆದದ್ದು ಜಿನೀವಾದಲ್ಲಿ, 2011ರ ಏಪ್ರಿಲ್‌ನಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬೇಗ ಕರಗಿಹೋಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ, ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ವರ್ಷಗಟ್ಟಲೆ ಅದಕ್ಕೆ ಅಡ್ಡ ನಿಂತಿದ್ದು ನಮ್ಮ ದೇಶ. ಆಗ ಎಂಡೋಸಲ್ಫಾನ್ ಅತಿ ಹೆಚ್ಚು ತಯಾರಾಗುತ್ತಿದ್ದುದೂ ಇಲ್ಲೇ. ಕಡೆಗೆ ಒಪ್ಪಿದ್ದು ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕ ಮೇಲೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಜನರ ಕಷ್ಟ ಅಷ್ಟರಲ್ಲಾಗಲೇ ಎಲ್ಲರಿಗೂ ಗೊತ್ತಿತ್ತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಮೇಲೇ ದೇಶದಲ್ಲಿ ಅದು ನಿಂತದ್ದು.

ಪಟ್ಟು ಹಿಡಿಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಓಜೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ನಾವು ತಕ್ಷಣ ಸೇರಲಿಲ್ಲ. ಬಡ ದೇಶಗಳಿಗೆ ಹಣ, ತಂತ್ರಜ್ಞಾನ ಕೊಡಿ ಅಂದೆವು. 1990ರಲ್ಲಿ ಲಂಡನ್‌ನಲ್ಲಿ ಅದಕ್ಕೊಂದು ನಿಧಿ ಒಪ್ಪಿಗೆಯಾಯಿತು, 1992ರಲ್ಲಿ ನಾವು ಸೇರಿದೆವು. ಅದು ಜನರ ಪರವಾದ ಪಟ್ಟು. ಎಂಡೋಸಲ್ಫಾನ್ ವಿಷಯದಲ್ಲೂ ಸರ್ಕಾರದವರು ರೈತರ ಹೆಸರನ್ನೇ ಹೇಳಿದರು, ಬದಲಿ ಎಣ್ಣೆ ದುಬಾರಿ ಅಂತ. ಆದರೆ ಪಂಪು ಹೊತ್ತ ನಮ್ಮಪ್ಪನಂಥವರನ್ನು ಯಾರೂ ಬಂದು ಕೇಳಲಿಲ್ಲ.

ಈಗ ಮತ್ತೆ ಅದೇ ಪ್ರಶ್ನೆ ಎದುರಿಗಿದೆ. 2025ರಲ್ಲಿ ಜಿನೀವಾದಲ್ಲೇ ಕ್ಲೋರ್‌ಪೈರಿಫಾಸ್ ಅನ್ನುವ ಎಣ್ಣೆ ಸ್ಟಾಕ್‌ಹೋಮ್ ಒಪ್ಪಂದದ ಆ ಪಟ್ಟಿಗೆ ಸೇರಿತು, ಕೆಲವು ಬಳಕೆಗಳಿಗೆ ವಿನಾಯಿತಿ ಇಟ್ಟು. ನಮ್ಮ ರೈತರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಪಟ್ಟಿಗೆ ಸೇರಿದ ಮಾತ್ರಕ್ಕೆ ನಮ್ಮ ದೇಶಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ, ಕೇಂದ್ರ ಸರ್ಕಾರ ಬೇರೆಯಾಗಿ ಒಪ್ಪಬೇಕು. 2020ರಲ್ಲಿ ಪಟ್ಟಿಯಲ್ಲಿದ್ದ ಏಳು ರಾಸಾಯನಿಕಗಳ ನಿಷೇಧಕ್ಕೆ ಕೇಂದ್ರ ಸಂಪುಟ ಹಾಗೆ ಒಪ್ಪಿಗೆ ಕೊಟ್ಟಿತ್ತು.

ಸರ್, ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ಕ್ಲೋರ್‌ಪೈರಿಫಾಸ್ ಬಗ್ಗೆ ಜಿನೀವಾದಲ್ಲಿ ನಮ್ಮ ದೇಶದ ಪರವಾಗಿ ಏನು ಹೇಳಿದರು? ಯಾರನ್ನು ಕೇಳಿ ಹೇಳಿದರು? ಒಪ್ಪುವುದಾದರೆ ಯಾವಾಗ, ಬದಲಿ ಏನು, ಅದರ ಜಾಸ್ತಿ ಖರ್ಚು ಯಾರು ಕೊಡುತ್ತಾರೆ? ಅದಕ್ಕೂ ಮೊದಲು ಹಾವೇರಿಯಲ್ಲೋ ಗದಗಿನಲ್ಲೋ ಎಪಿಎಂಸಿಗೆ ಒಂದು ದಿನ ಬನ್ನಿ. ಕೂಲಿಗೆ ಎಣ್ಣೆ ಹೊಡೆಯುವವರನ್ನೂ ಕರೆಯಿರಿ. ಸಂಜೆ ಕರೆದರೆ ಒಳ್ಳೆಯದು, ಬೆಳಿಗ್ಗೆ ಅವರು ಹೊಲದಲ್ಲಿರುತ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ